ವಾರ್ಡಿನಲ್ಲಿಯೇ ಹುಟ್ಟಿದ ಕೀವನ್ನು ಪತ್ತೆಹಚ್ಚುವ ವಿಧಾನದ ಬಗ್ಗೆ

ಸುತ್ತೋಲೆ ಸಂಖ್ಯೆ: ಆ.ಸೋಂ./ಕೀವು/1951
ಸ್ಥಳ: ಬಳ್ಳಾರಿ

ವಿಷಯ: ಆಸ್ಪತ್ರೆಗೆ ಬಂದ ಮೇಲೆ ರೋಗಿಗಳಿಗೆ ತಗಲುವ ಸೋಂಕು, ಅದನ್ನು ಗಮನಿಸುವ ವಿಧಾನ.
ಉಲ್ಲೇಖ: ಸಿರಿಗೇರಿಯ ಜಡೆಮ್ಮನವರ ಕೂಗಾಟ.

1. ಸಕಲ ಸಿಬ್ಬಂದಿಯ ಅವಗಾಹನೆಗೆ ತರುವುದೇನೆಂದರೆ, ಸೋಂಕು ಪತ್ತೆಗೆ ಎರಡು ವಿಧಾನಗಳನ್ನು ಪರಿಶೀಲಿಸಲಾಯಿತು. ದಿನವೂ ಗಾಯ ಬಿಚ್ಚಿ ನೋಡಿದಾಗ ಸೋಂಕು ಬಹಳ ಕಂಡಿತು. ಕಚೇರಿಯಲ್ಲಿ ಕುಳಿತು ನೆನಪಿಸಿಕೊಂಡಾಗ ಒಂದೂ ಕಾಣಲಿಲ್ಲ. ಎರಡನೆಯದೇ ಉತ್ತಮವೆಂದು ಅಂಗೀಕರಿಸಲಾಯಿತು.

2. ಅಂಗೀಕೃತ ವಿಧಾನದ ಗೌರವಕ್ಕೆ ಕುಂದು ಬಾರದಂತೆ, ಜ್ವರ ಬಂದವರು ಅನುಮತಿ ಪಡೆದೇ ನಡುಗತಕ್ಕದ್ದು. ಕಚೇರಿ ವೇಳೆ ಮುಗಿದ ಮೇಲೆ ಕೀವು ಸೋರತಕ್ಕದ್ದಲ್ಲ.

3. ಹೀಗಿರಲು, ಕುಡುಗೋಲು ತಾಗಿದ ಕಾಲಿಗೆ ಹೊಲಿಗೆ ಹಾಕಿಸಿಕೊಂಡು, ಇನ್ನೇನು ಊರಿಗೆ ಹೊರಟೆನೆಂದು ಹಿಗ್ಗುತ್ತಿದ್ದ ಸದರಿ ಜಡೆಮ್ಮನವರ ಗಾಯ ಮತ್ತೆ ಊದಿ, ಮೈ ಕೆಂಡವಾಯಿತು. ಸೋಂಕು ಊರಿಂದಲೇ ಬಂದದ್ದೆಂದು ಅವರಿಗೆ ತಿಳಿಯಪಡಿಸಲಾಯಿತು. "ಊರಿಂದ ರೊಟ್ಟಿ ತಂದೀನ್ರಿ, ಕೀವು ತಂದಿಲ್ಲ!" ಎಂಬ ಉತ್ತರ ಸ್ವೀಕೃತವಾಗಿದೆ. ಕಾಲೇ ಹೋದೀತೆಂಬ ಭಯ ಅವರನ್ನು ಹಿಂಡುತ್ತಿತ್ತು. ಭಯಕ್ಕೆ ಇಲಾಖೆಯಲ್ಲಿ ಕಾಲಂ ಇರುವುದಿಲ್ಲ.

4. ಮಲಗಿರತಕ್ಕದ್ದೆಂಬ ಆದೇಶ ಮೀರಿ ಅವರು ಕೋಲೂರಿಕೊಂಡು ಮಂಚದಿಂದ ಮಂಚಕ್ಕೆ ಕುಂಟುತ್ತ, "ಬರೋ ಮುಂದ ಏನಿತ್ತು? ಬಂದಮ್ಯಾಲ ಏನ್ ಹತ್ತಿತು?" ಎಂದು ವಿಚಾರಿಸಿದರು. ಕುರುಗೋಡಿನ ರೋಗಿ ಹಂಪಕ್ಕನವರು, "ನನಗೂ ಕೀವು ಕೊಟ್ಟಾರವ್ವ, ಪುಗಸಟ್ಟಿ!" ಎಂದದ್ದಕ್ಕೆ ಇಡೀ ವಾರ್ಡು ಅನುಮತಿಯಿಲ್ಲದೆ ನಕ್ಕಿತು. ತಡೆಯಲು ಬಂದ ಸಿಸ್ಟರ್ ಸುವರ್ಣಮ್ಮನವರೂ ನಕ್ಕು, ಕೀವಾದವರ ಮಂಚಕ್ಕೆಲ್ಲ ಸೀಮೆಸುಣ್ಣದ ಗೆರೆ ಎಳೆದರು. ಗೆರೆಗಳೆಲ್ಲ ಕಿಟಕಿಯ ಕಡೆಯ ಸಾಲಿಗೇ ಬಿದ್ದವು. ಆ ಸಾಲಿಗೆಲ್ಲ ಪಟ್ಟಿ ಬಿಚ್ಚುವ ಕತ್ತರಿ ಒಂದೇ. ಅದು ಕುದಿನೀರು ಕಂಡಿರಲಿಲ್ಲ.

5. ಕತ್ತರಿಯನ್ನು ಕುದಿಸಲಾಯಿತು. ಪೆನಿಸಿಲಿನ್ ಚುಚ್ಚಲಾಯಿತು. ಜಡೆಮ್ಮನವರ ಜ್ವರ ಇಳಿಯಿತು, ಕಾಲು ಉಳಿಯಿತು.

6. ಆದುದರಿಂದ ಮಂಚಮಂಚಕ್ಕೆ ಹೋಗಿ ಕೇಳುವ, ಗಾಯ ನೋಡುವ ವಿಧಾನವನ್ನೇ ಆರಿಸಲಾಗಿದೆ. ಅಧಿಕಾರಿಗಳು ಕೇಳಿದರೆ ರೋಗಿಗಳು ಹೆದರಿ "ಆರಾಮ ಅದೀನ್ರಿ" ಎನ್ನುತ್ತಿರುವುದರಿಂದ, ಅಧಿಕಾರಿಗಳು ಕುಂಟಲು ಅಭ್ಯಾಸ ಮಾಡತಕ್ಕದ್ದು.

7. ಜಡೆಮ್ಮನವರು ಗುಣವಾಗಿರುವುದು ಇಲಾಖೆಗೆ ಅನನುಕೂಲವಾದ ಕಾರಣ, ಇನ್ನಷ್ಟು ಕಾಲ ರೋಗಿಯಾಗಿಯೇ ಮುಂದುವರಿಯಲು ಕೋರಲಾಯಿತು. "ಮನ್ಯಾಗ ಎಮ್ಮಿ ಈಯಾಕ ಬಂದೈತ್ರಿ, ನಾ ಹೊಂಟೆ" ಎಂದು ಹೇಳಿ ಅವರು ಬಂಡಿ ಹತ್ತಿರುತ್ತಾರೆ.

ಸಹಿ/-
ವಿರೂಪಾಕ್ಷಪ್ಪ, ಸೂಪರಿಂಟೆಂಡೆಂಟ್
(ಬೆನ್ನಿನ ಕುರು ಕೊಯ್ಸಿಕೊಂಡು, ಗಂಡಸರ ವಾರ್ಡಿನ ಮಂಚದಿಂದ)

ಪ್ರತಿಗಳು:
ಅ) ಎಲ್ಲ ವಾರ್ಡುಗಳಿಗೆ.
ಆ) ನೀರು ಕಾಯಿಸುವ ಸುಂಕಪ್ಪನವರಿಗೆ: ಕತ್ತರಿ ಕುದಿಸುವ ಪಾತ್ರೆಯಲ್ಲಿ ಚಹಾ ಕಾಯಿಸತಕ್ಕದ್ದಲ್ಲ.
ಇ) ಸಿಸ್ಟರ್ ಸುವರ್ಣಮ್ಮನವರಿಗೆ: ನಾಳೆಯ ವಿಚಾರಣೆಯನ್ನು ನಮ್ಮ ಮಂಚದಿಂದಲೇ ಆರಂಭಿಸತಕ್ಕದ್ದು. ಸ್ವಲ್ಪ ಬೇಗ ಬರ್ರಿ, ತಾಯಿ.