ಶುಭ ಕೋರುವವರ ಕಾಮಿಕ್ಸು

ದಾವಣಗೆರೆ ಆನೆಕೊಂಡದ ಕಾಂತರಾಜ ಕಾಮಿಕ್ಸ್ ಕಲಾವಿದ ಅನ್ನೋದು ಹರಿಹರದ ನದಿ ದಂಡೆ ಜಾಗೃತಿ ಸಮಿತಿ ನಡಾವಳಿಯಾಗೆ ಸೀಲ್ ಸಮೇತ ದಾಖಲಾಗಿರೋ ಸಂಗತಿ, ಹಂಗಾಗಿ ಇನ್ಮೇಲೆ ಅದನ್ನ ಯಾರೂ, ಅವನ ಹೆಂಡ್ತಿ ಕಡೆಯೋರೂ ಸೇರಿ, ಅಲ್ಲ ಅನ್ನಂಗಿಲ್ಲ. ಅದಕ್ಕೆ ಮುಂಚೆ ಅವನು ವಿದ್ಯಾನಗರದಾಗೆ ಇಮಾಮ್ ಸಾಬರ ಫ್ಲೆಕ್ಸ್ ಅಂಗಡಿಯಾಗೆ ಡಿಸೈನರ್ ಆಗಿದ್ದ, ಈಗ್ಲೂ ಅದೇ ಕೆಲ್ಸ. ಹುಟ್ಟುಹಬ್ಬದ ಫ್ಲೆಕ್ಸು, ಗೃಹಪ್ರವೇಶದ ಫ್ಲೆಕ್ಸು, ಶ್ರದ್ಧಾಂಜಲಿ ಫ್ಲೆಕ್ಸು, ಯಾವ್ದಾದ್ರೂ ಲೆಕ್ಕ ಒಂದೇ: ಮ್ಯಾಲೆ ದೊಡ್ಡೋರ ಮುಖ, ನಡುವೆ ಹುಟ್ಟಿದೋರದ್ದೋ ಸತ್ತೋರದ್ದೋ ಮುಖ, ಕೆಳಗೆ ಸಾಲಾಗಿ ಶುಭ ಕೋರುವವರ ಮುಖ. ಒಂದು ಮುಖ ಬಿಟ್ಟೋದ್ರೆ ಮುಗೀತು, ಆ ಮನೆಯೋರು ಮೊಮ್ಮಕ್ಕಳ ಮದುವೆಗೂ ಕರೆಯಲ್ಲ.

ಅಂಗಡಿಯಾಗೆ ಗಿರಾಕಿ ಇಲ್ಲದಾಗ ಅವನು ಬರೀತಿದ್ದದ್ದು ತನ್ನ ಕಾಮಿಕ್ಸಿನ ವಾಪಸವ್ವನ್ನ. ಹರಿಹರದ ಸೇತುವೆ ಮ್ಯಾಲೆ ಬಸ್ಸು ಬಂದಾಗ ನೋಡಿದೀರಲ್ಲ, ಕಿಟಕಿಯಿಂದ ಒಂದೊಂದೇ ಕೈ ಹೊರಗೆ ಬರುತ್ತೆ, ಬಾಡಿದ ಹೂವು, ಗಾಜು ಒಡೆದ ಫೋಟೋ, ಹೋದ ವರ್ಷದ ಕ್ಯಾಲೆಂಡರು, ಎಲ್ಲ ತುಂಗಭದ್ರೆಗೆ. ದೇವ್ರದ್ದೋ ಹಿರೇರದ್ದೋ ಮುಖ ಇರೋದನ್ನ ಕಸಕ್ಕೆ ಹಾಕಂಗಿಲ್ಲ, ನೀರಿಗೇ ಬಿಡ್ಬೇಕು, ಅದು ಪದ್ಧತಿ. ಈ ವಾಪಸವ್ವ ಸೇತುವೆ ಕೆಳಗೆ ಕಚ್ಚೆ ಕಟ್ಟಿ ಸೊಂಟದುದ್ದ ನೀರಿನಾಗೆ ನಿಂತಿರ್ತಾಳೆ. ಮ್ಯಾಲಿಂದ ಬಿದ್ದಿದ್ದನ್ನ ಹಿಡಿದು ಒಂದ್ಸಲ ಬೀಸಿದ್ಲು ಅಂದ್ರೆ, ಎಸೆದೋರು ಮನೆ ಮುಟ್ಟೋದ್ರೊಳಗೆ ಅದು ಅವರ ಅಡುಗೆಮನೆ ಕಟ್ಟೆ ಮ್ಯಾಲೆ ನೀರು ಸೋರಿಸ್ಕೊಂಡು ಕೂತಿರುತ್ತೆ. ಆಯಮ್ಮನ ಮುಖ ಕಾಂತರಾಜನ ಅವ್ವ ಅಂಜಿನವ್ವಂದೇ, ಮೂಗುಬಟ್ಟು ಸಮೇತ. ವರ್ಷಗಟ್ಲೆ ಬರೆದಿದ್ದ, ಒಂದು ಪುಟಾನೂ ಅಚ್ಚಾಗಿರ್ಲಿಲ್ಲ. ಅವನ ಆಸೆ ಇಷ್ಟೇ, ಯಾವ್ದೋ ಹುಡುಗಿ ಬಸ್ಸಿನಾಗೆ ಕೂತು ವಾಪಸವ್ವನ್ನ ಓದ್ಬೇಕು, ಓದಿ ಪಕ್ಕದಾಗೆ ಎಸೆಯಾಕೆ ಎದ್ದ ಅಪ್ಪನ ಕೈ ಹಿಡ್ಕೋಬೇಕು.

ಅಂಥಾ ಟೈಮಿಗೆ ಸಮಿತಿಯೋರು 'ನದಿಗೆ ಎಸೆಯಬೇಡಿ' ಅಭಿಯಾನ ಶುರು ಮಾಡಿ, ಶಾಲೆ ಮಕ್ಕಳಿಗೆ ಕಾಮಿಕ್ಸ್ ಬೇಕು ಅಂದ್ರು. ಕಾಂತರಾಜ ಬರೆದಿಟ್ಟಿದ್ದನ್ನ ಹಿಡ್ಕೊಂಡು ಓಡಿದ. ಸಮಿತಿ ಕಾರ್ಯದರ್ಶಿ ವಾಣಿ ಮೇಡಂ ಇಪ್ಪತ್ನಾಲ್ಕು ಪುಟಾನೂ ನಿಂತ್ಕೊಂಡೇ ಓದಿ, ಅಡುಗೆಮನೆ ಕಟ್ಟೆ ಬಂದಾಗ ಆಫೀಸು ಅನ್ನೋದನ್ನೂ ಮರೆತು ನಕ್ಕು, ಅವತ್ತೇ ಮಂಜೂರಾತಿ ಮಾಡಿಸಿದ್ರು. ಸರ್ಕಾರಿ ಕೆಲ್ಸ ಇಷ್ಟು ಜಲ್ದಿ ಆಗಿದ್ದಕ್ಕೆ ಆಮೇಲೆ ಅವರಿಗೆ ನೋಟಿಸೂ ಬಂತು, ಅದು ಬ್ಯಾರೆ ಮಾತು.

ಉಳಿದಿದ್ದು ಮುಖಪುಟ ಒಂದೇ. ಅದನ್ನ ಅವನು ಅಂಗಡಿಯಾಗೆ ಎರಡು ಹುಟ್ಟುಹಬ್ಬದ ನಡುವೆ ಮಾಡಿದ. ಮ್ಯಾಲೆ ಹರಿಹರೇಶ್ವರ ಸ್ವಾಮಿ, ನಡುವೆ ವಾಪಸವ್ವ, ಅಷ್ಟಾದ್ಮೇಲೆ ಕೈ ಅನ್ನೋದು ತಾನಾಗೇ ಕೆಳಗೊಂದು ಪಟ್ಟಿ ಎಳೆದು, ಸಮಿತಿ ಅಧ್ಯಕ್ಷರು ಸದಸ್ಯರು ಎಲ್ಲರ ಮುಖ ಜೋಡಿಸಿ, 'ಶುಭ ಕೋರುವವರು' ಅಂತ ಬರೆದುಬಿಟ್ತು. ಹನ್ನೆರಡು ವರ್ಷ ಅದೇ ಮಾಡಿದ ಕೈ, ಅದಕ್ಕೇನು ಗೊತ್ತು.

ಅಧ್ಯಕ್ಷರು ಅಂದ್ರೆ ಅಕ್ಕಿ ಮಂಡಿ ಬಸವಪ್ರಭು. ಒಳಗಿನ ಪುಟ ಒಂದೂ ತಿರುವಿ ಹಾಕಿದೋರಲ್ಲ, ಮುಖಪುಟವನ್ನ ಕಣ್ಣಿಗೆ ಹತ್ರ ಇಟ್ಕೊಂಡು, ದೂರ ಇಟ್ಕೊಂಡು, ಕಾಂತರಾಜನ್ನ ಕೂಡ್ರಿ ಅಂತ ಕೂರ್ಸಿ, ಚಾ ತರ್ಸಿದ್ರು. "ಕಲೆ ಅಂದ್ರೆ ಇದು ನೋಡಪ್ಪ" ಅಂದ್ರು.

ಪಕ್ಕದಾಗಿದ್ದ ಸದಸ್ಯ ಬಕ್ಕೇಶಪ್ಪ ಮಾತ್ರ ಚಾ ಮುಟ್ಲಿಲ್ಲ. "ನಂದೇನೋ ಐತೆ. ನಮ್ಮಣ್ಣಂದು ಎಲ್ಲೈತೆ? ಅವ್ನಿಲ್ದೆ ನಾನೊಬ್ನೇ ಶುಭ ಕೋರಿದ್ರೆ ಮನೇಲಿ ನಂಗೆ ಊಟ ಯಾರು ಹಾಕ್ತಾರೆ?"

ಮಾತು ನ್ಯಾಯವಾಗಿತ್ತು. ಅಣ್ಣನ್ನ ಒಂದನೇ ಪುಟಕ್ಕೆ ಹಾಕಿದ್ರು. ಅಣ್ಣನ್ನ ಹಾಕಿದ್ಮೇಲೆ ಅಧ್ಯಕ್ಷರ ಬೀಗರನ್ನ ಬಿಡಾಕೆ ಬರುತ್ತಾ, ಎರಡನೇ ಪುಟ. ಸುದ್ದಿ ಹಬ್ತು. ಆನಗೋಡಿನಿಂದ ಒಂದು ಟ್ರ್ಯಾಕ್ಟರ್ ತುಂಬ ಜನ ಪಾಸ್‌ಪೋರ್ಟ್ ಸೈಜ್ ಫೋಟೋ ಹಿಡ್ಕೊಂಡು ಬಂದ್ರು, ಅವರಲ್ಲಿ ಅರ್ಧ ಜನ ನದಿ ನೋಡಿದ್ದೇ ಅವತ್ತು. ಗಲಾಟೆ ಆಗಬಾರ್ದು ಅಂತ ಸಮಿತಿ ಒಂದು ಪ್ರಕಟಣೆ ಹೊರಡಿಸ್ತು:

"ಕಾಮಿಕ್ಸ್ ಪುಸ್ತಕದಲ್ಲಿ ಅಧ್ಯಕ್ಷರ ಮುಖವು ಪುಟದ ಅರ್ಧಭಾಗವನ್ನು ಮೀರತಕ್ಕದ್ದಲ್ಲ, ಕಪ್ಪು ಕನ್ನಡಕ ಧರಿಸಿದ್ದಲ್ಲಿ ಈ ಮಿತಿ ಅನ್ವಯಿಸುವುದಿಲ್ಲ. ಮಾಜಿ ಸದಸ್ಯರ ಮುಖವು ಹಾಲಿ ಸದಸ್ಯರ ಕಿವಿಗಿಂತ ಚಿಕ್ಕದಾಗಿರತಕ್ಕದ್ದಲ್ಲ. ಒಂದೇ ಮನೆಯಲ್ಲಿ ಮಾತು ಬಿಟ್ಟಿರುವ ಸಹೋದರರನ್ನು ಎದುರು-ಬದುರು ಪುಟಗಳಲ್ಲಿ ಮುದ್ರಿಸತಕ್ಕದ್ದಲ್ಲ, ಪುಸ್ತಕ ಮುಚ್ಚಿದಾಗ ಮುಖಾಮುಖಿಯಾಗುವ ಸಂಭವವಿರುತ್ತದೆ. ಸ್ಥಳ ಉಳಿದಲ್ಲಿ ಕಥೆಯನ್ನು ಮುದ್ರಿಸಲು ಅಭ್ಯಂತರವಿರುವುದಿಲ್ಲ."

ಅಷ್ಟಾದ್ಮೇಲೆ ಕಾಂತರಾಜನ ಕೆಲ್ಸ ಸಲೀಸಾತು, ದಿನಾ ಬಂದಷ್ಟು ಮುಖಕ್ಕೆ ಅಷ್ಟು ಕತೆ ಅಳಿಸೋದು. ಮೊದ್ಲು ಬಸ್ಸು ಹೋತು, ಆಮೇಲೆ ಸೇತುವೆ ಹೋತು, ನದಿ ಹೋತು. ವಾಪಸವ್ವ ಕೊನೇ ಪುಟದಾಗೆ ಒಬ್ಬಳೇ ಉಳಿದಿದ್ಲು, ನೀರಿಲ್ಲ ಏನಿಲ್ಲ, ಸುಮ್ನೆ ಕಚ್ಚೆ ಕಟ್ಟಿ ಕೈ ಎತ್ಕೊಂಡು. ಅಷ್ಟರಾಗೆ ಆ ಪುಟಾನೂ ಒಬ್ಬ ಕಾಂಟ್ರಾಕ್ಟರು ಕೇಳಿದ. ಮುಖಪುಟದಾಗಿದ್ದೋಳನ್ನ ಅಧ್ಯಕ್ಷರ ಕಪ್ಪು ಕನ್ನಡಕ ಅದಾಗ್ಲೇ ಮುಚ್ಚಿತ್ತು.

ಕಾಂತರಾಜ ವಾಣಿ ಮೇಡಂ ಹತ್ರ ಹೋಗಿ, ಈಯಮ್ಮ ಒಬ್ಬಳನ್ನ ಉಳಿಸಿಕೊಡ್ರಿ, ಪುಟ ಪೂರ್ತಿ ಬ್ಯಾಡ, ಮೂಲೆ ಸಾಕು ಅಂತ ಕೇಳ್ಕೊಂಡ. ಮೇಡಂಗೂ ಸಂಕಟಾನೇ. ಫೈಲು ತೆಗೆದ್ರು.

"ಇವರು ಯಾವ ವಾರ್ಡಿನೋರು ಕಾಂತರಾಜ್?"

"ವಾರ್ಡಿಲ್ಲ ಮೇಡಂ, ಕತೆಯೋರು."

"ಅರ್ಜಿ ಕೊಟ್ಟಿದಾರಾ?"

"ನೀರಿನಾಗೆ ನಿಂತಿರ್ತಾರೆ ಮೇಡಂ, ಹೆಂಗೆ ಕೊಡ್ತಾರೆ."

"ದಡದಾಗಿರೋರದ್ದೇ ಇನ್ನೂ ಎಪ್ಪತ್ತು ಅರ್ಜಿ ಬಾಕಿ ಐತೆ" ಅಂತ ಮೇಡಂ ಫೈಲು ಮುಚ್ಚಿದ್ರು. ಕತೆ ಓದಿ ನಕ್ಕಿದ್ದು ಅವರೊಬ್ರೇ ಆಗಿದ್ರಿಂದ, ಅವತ್ತು ಅವರು ಕಾಂತರಾಜನ ಮುಖ ನೋಡ್ಲಿಲ್ಲ.

ಬಿಡುಗಡೆ ಜೋರಾಗೇ ಆತು. ವೇದಿಕೆ ಮುಂದೆ ಕೂತಿದ್ದ ತನುಶ್ರೀ ಅನ್ನೋ ಐದನೇ ಕ್ಲಾಸಿನ ಹುಡುಗಿ ಪುಸ್ತಕ ಹಿಂದೆ ಮುಂದೆ ತಿರುವಿ, ಕತೆ ಎಲ್ಲೈತೆ ಅಂತ ಕೇಳಿದ್ಲು. ಬಸವಪ್ರಭು ಬೇಜಾರು ಮಾಡ್ಕೊಳ್ದೆ ಕೆಳಗೆ ಬಗ್ಗಿ, ಇದು ನಾನು, ಪುಟ ತಿರುಗಿಸು, ಇದೂ ನಾನು, ಮುಂದೆ ಏನಾಗುತ್ತೆ ನೋಡು ಅಂತ ತೋರ್ಸಿದ್ರು. ಹುಡುಗಿ ನೋಡಿದ್ಲು. ಮುಂದೆ ಅವರ ಬೀಗರು ಆಗಿದ್ರು.

ಓದಾಕೆ ಏನೂ ಇಲ್ಲದ ಪುಸ್ತಕಕ್ಕೆ ಮಕ್ಕಳು ಏನು ಮಾಡ್ತಾರೆ, ವಾರದೊಳಗೆ ಎಲ್ಲಾ ಶುಭ ಕೋರುವವರಿಗೂ ಮೀಸೆ ಬರೆದ್ರು. ಮೀಸೆ ಇದ್ದೋರಿಗೆ ಕೋಡು. ಇದು ಗೌರವಕ್ಕೆ ಧಕ್ಕೆ ಅಂತ ಬಕ್ಕೇಶಪ್ಪನ ಅಣ್ಣ ದೂರು ಕೊಟ್ಟ, ಶಾಲೆಗಳೋರು ಹೆದರಿ ಅಷ್ಟೂ ಪುಸ್ತಕ ವಾಪಸ್ ತಂದು ಆಫೀಸಿನಾಗೆ ಸುರಿದ್ರು. ಕುರ್ಚಿ ಹಾಕಾಕೂ ಜಾಗ ಇಲ್ಲ. ಗುಜರಿಗೆ ಹಾಕೋಣ ಅಂದ್ರೆ ಗುಜರಿಯೋನೇ ಕೈ ಮುಗಿದ, ಮುಖಪುಟದಾಗೆ ಸ್ವಾಮಿ ಅದಾನೆ, ಒಳಗೆ ಊರ ಹಿರೇರೆಲ್ಲ ಅದಾರೆ, ನಾನು ತೂಕಕ್ಕೆ ಹಾಕಲ್ಲ ಅಂದ. ಸಮಿತಿ ತುರ್ತು ಸಭೆ ಕೂತು, ಇಂಥವನ್ನ ಏನು ಮಾಡ್ಬೇಕು ಅನ್ನೋದು ಎಲ್ಲರಿಗೂ ಚಿಕ್ಕಂದಿನಿಂದ ಗೊತ್ತಿದ್ದೇ ಆದ್ರಿಂದ, ಚರ್ಚೆ ಇಲ್ದೆ ಒಪ್ಕೊಂತು.

ಪುಸ್ತಕದ ಲಾರಿ ಸೇತುವೆ ಮ್ಯಾಲೆ ನಿಂತ್ಕೊಂತು. ತೆಂಗಿನಕಾಯಿ ಒಡೆದ್ರು. ಕಲಾವಿದರು ಅನ್ನೋ ಗೌರವಕ್ಕೆ ಮೊದಲ್ನೇ ಕಟ್ಟು ಕಾಂತರಾಜನ ಕೈಗೇ ಕೊಟ್ರು. ಅವನು ಬಿಟ್ಟ. ಹಿಂದೆ ಉಳಿದೋವೂ ಬಿದ್ವು, ಮುಖಪುಟದಾಗಿನ 'ನದಿಗೆ ಎಸೆಯಬೇಡಿ' ಅನ್ನೋ ಅಕ್ಷರ ಮ್ಯಾಲೆ ಮಾಡ್ಕೊಂಡು ಸಾಲಾಗಿ ತೇಲಿ ಹೋದ್ವು, ನೋಡಾಕೆ ಚೆಂದಿತ್ತು. ಸಮಿತಿ ವರದಿಯಾಗೆ ಹಿಂಗೆ ಬರೆದ್ರು: "ಪುಸ್ತಕವು ನದಿಯ ಎರಡೂ ದಂಡೆಗಳ ಕೆಳಭಾಗದ ಗ್ರಾಮಗಳನ್ನು ತಲುಪಿದ್ದು, ಪ್ರತಿಗಳು ಉಳಿದಿರುವುದಿಲ್ಲ." ಪ್ರತಿ ಉಳಿದಿಲ್ಲ ಅಂದ್ಮೇಲೆ ಎರಡನೇ ಮುದ್ರಣ ಮಂಜೂರಾಗಲೇಬೇಕು, ಆತು.

ಈ ಸಲ ವಾಣಿ ಮೇಡಂ ತಾವೇ ಫೋನ್ ಮಾಡಿ, ಕೊನೇ ಪುಟದಾಗೆ ಒಂದು ಜಾಗ ನಿಮಗೇ ಅಂತ ಹಿಡಿದಿಟ್ಟೀನಿ, ಬಿಲ್ಲೆ ಅಗಲದ್ದು, ಆಯಮ್ಮನ್ನಾದ್ರೂ ಹಾಕ್ರಿ, ನಿಮ್ಮನ್ನಾದ್ರೂ ಹಾಕ್ಕೊಳ್ರಿ, ಸಂಜೆಯೊಳಗೆ ಹೇಳ್ರಿ ಅಂದ್ರು.

ಕಾಂತರಾಜ ಮನೆಗೆ ಹೋಗಿ ಅಂಜಿನವ್ವನ ಮುಂದೆ ಕೂತ. ವಾಪಸವ್ವಂಗೆ ಅಂತ ಎಷ್ಟು ವರ್ಷದಿಂದ ಕಾಯ್ದ ಜಾಗ ಅನ್ನೋದನ್ನೂ ಹೇಳಿದ, ಊರಾಗಿನ ಎಲ್ಲರ ಮುಖ ಬಂದು ತನ್ನದೊಂದೇ ಬಂದಿಲ್ಲ ಅನ್ನೋದನ್ನೂ ಹೇಳಿದ. ಎರಡನೇದನ್ನ ಸ್ವಲ್ಪ ಜಾಸ್ತಿ ಹೊತ್ತು ಹೇಳಿದ.

ಅಂಜಿನವ್ವ ಅವರೆಕಾಯಿ ಸುಲಿಯೋದು ಬಿಡ್ಲಿಲ್ಲ. "ಆಯಮ್ಮ ಮೂರನೇ ಅಚ್ಚಿಗೆ ಬರ್ಲಿ ಬಿಡಪ್ಪ. ಆಕೆಗೇನು ವಯಸ್ಸಾಗ್ತೈತಾ. ನಿಂಗೆ ಕೂದ್ಲು ಉದುರ್ತಾ ಐತೆ."

ಬಿಳೀ ಅಂಗಿಗೆ ಇಸ್ತ್ರಿ ಬಿತ್ತು. ಇಮಾಮ್ ಸಾಬರೇ ಫೋಟೋ ಹಿಡಿದ್ರು, ಕೈ ಮುಗಿ, ಕತ್ತು ಒಂಚೂರು ವಾರೆ ಮಾಡು ಅಂದ್ರು, ಮಾಡಿದ. ಫೋಟೋ ಕೊಡಾಕೆ ಅವ್ವಾನೂ ಆಫೀಸಿಗೆ ಬಂದು, ನನ್ನ ಮಗನ ಮುಖ ಇರೋ ಪುಸ್ತಕ ಇಸ್ಕೂಲಿಗೆ ಕೊಟ್ಟು ಮೀಸೆ ಬರೆಸಬ್ಯಾಡ್ರಿ, ಹೆಂಗಿದ್ರೂ ಹೊಳೆಗೇ ಹೋಗೋದು, ನೇರ ಅಲ್ಲಿಗೇ ಕಳಿಸ್ರಿ ಅಂದ್ಲು. ಬಸವಪ್ರಭು ಎದ್ದು ನಿಂತು, ಇಷ್ಟು ದಿನ ಇದು ನಮಗ್ಯಾಕ ಹೊಳೀಲಿಲ್ಲ ಅಂತ ಅಂಜಿನವ್ವಂಗೆ ಶಾಲು ಹೊದಿಸಿದ್ರು. ಠರಾವು ಅಲ್ಲೇ ಪಾಸಾತು: "ಎರಡನೇ ಮುದ್ರಣದ ಎಲ್ಲಾ ಪ್ರತಿಗಳನ್ನು ಮುದ್ರಣಾಲಯದಿಂದ ನೇರವಾಗಿ ಸೇತುವೆಗೆ ಸಾಗಿಸತಕ್ಕದ್ದು."

ಕಲಾವಿದರ ಒಪ್ಪಿಗೆ ಅಂತ ಕೆಳಗೊಂದು ಗೆರೆ ಇತ್ತು. ಕಾಂತರಾಜ ಪೆನ್ನು ಇಸ್ಕೊಂಡು ಸಹಿ ಮಾಡಿ, ಫೋಟೋ ತುಸು ದೊಡ್ಡದು ಹಾಕಾಕೆ ಬರುತ್ತಾ ಅಂತ ಕೇಳಿದ.