ಬಂಗಾರಿ ಮತ್ತು ಕೆಂಪು ಚುಕ್ಕಿ

ಆ ಭಾನುವಾರ ದಯಾನಂದನ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ! ಹಿರೇಹಳ್ಳಿಯ ಕಾರ್ಖಾನೆಯೊಂದರಲ್ಲಿ ಅವನು ಸೇಫ್ಟಿ ಆಫೀಸರ್. ದಿನಾ ಬೆಳಗ್ಗೆ ಇನ್ನೂರು ಜನರನ್ನು ನಿಲ್ಲಿಸಿ, ಗೋಡೆಯ ಮೇಲೆ ಲೇಸರ್ ಪಾಯಿಂಟರ್ ಆಡಿಸುತ್ತಾ ಎಚ್ಚರಿಕೆ ಹೇಳುವವನು. ಅದೇ ಪಾಯಿಂಟರನ್ನು ಓನರಮ್ಮನ ಬೆಕ್ಕಿನ ಮುಂದೆ ಆಡಿಸಿದ.

ಬೆಕ್ಕಿನ ಹೆಸರು ಬಂಗಾರಿ. ಮರಳೂರಿನಲ್ಲಿ ಅವನು ಬಾಡಿಗೆಗಿದ್ದ ಮನೆಯ ಒಡತಿ ಲಕ್ಷ್ಮೀದೇವಮ್ಮ, ಗುಬ್ಬಿಗೆ ತಂಗಿ ಮಗಳ ಸೀಮಂತಕ್ಕೆ ಹೊರಟಾಗ ಅದನ್ನು ಇವನ ಕೈಗೆ ಕೊಟ್ಟಿದ್ದರು. "ಸಂಜೆ ಬರ್ತೀನಪ್ಪ, ಜೋಪಾನ. ನಾಳೆ ನಿನ್ ಅಗ್ರಿಮೆಂಟ್ ಮುಗೀತದೆ, ಬಂದು ಮಾತಾಡಾಣ."

ಹಿಂದಿನ ಬಾಡಿಗೆಯವನು ಬಂಗಾರಿಗೆ "ಥೂ, ಹೋಗು" ಎಂದ ತಪ್ಪಿಗೇ ಮನೆ ಖಾಲಿ ಮಾಡಿದ್ದ. ದಯಾನಂದನ ಹೆಂಡತಿ ಮಾನಸಾ ಬಾಣಂತನ ಮುಗಿಸಿ, ಮುಂದಿನ ವಾರವೇ ಮಗು ಎತ್ತಿಕೊಂಡು ಬರುವವಳಿದ್ದಳು.

ಅರ್ಧ ಗಂಟೆ ಬಂಗಾರಿ ಲೇಸರಿನ ಕೆಂಪು ಚುಕ್ಕಿಯ ಹಿಂದೆ ಕುಣಿಯಿತು. ದಯಾನಂದ ಪಾಯಿಂಟರ್ ಆರಿಸಿದ, ಬೆಕ್ಕು ನಿಲ್ಲಿಸಲಿಲ್ಲ. ಗೋಡೆ ಕೆರೆಯಿತು, ಸೋಫಾ ಕೆಳಗೆ ಹುಡುಕಿತು. ಹಾಲು ಇಟ್ಟರೆ ಮೂಸಲೂ ಇಲ್ಲ. ಮೂಲೆಯನ್ನೇ ದುರುಗುಟ್ಟಿಕೊಂಡು ಕೂತುಬಿಟ್ಟಿತು.

ಪಕ್ಕದ ಮನೆಯ ಹಮೀದಾ ಇಣುಕಿದಳು. "ಅಯ್ಯೋ ಅಣ್ಣಾ, ಲೇಸರ್ ಬಿಟ್ರಾ? ಕಣ್ಣು ಹೋಗಿರ್ತದೆ! ನೋಡಿ, ಕರೆದ್ರೂ ತಿರುಗ್ತಿಲ್ಲ."

"ಕರೆದಾಗ ತಿರುಗ್ದಿದ್ರೆ ಕಿವಿ ಅಲ್ವೇನಮ್ಮ ಹೋಗಿರ್ಬೇಕು?"

"ಅದೂ ಹೋಗಿರ್ಬೋದು."

ಬೆಕ್ಕನ್ನು ತರಕಾರಿ ಬ್ಯಾಗಿಗೆ ತುರುಕಿ ಆಟೋ ಹತ್ತಿದ. ಹಮೀದಾನೂ ಹತ್ತಿದಳು. ದಾರಿಯಲ್ಲಿ ಬಂಗಾರಿ ಬ್ಯಾಗಿನಿಂದ ಚಿಮ್ಮಿ, ಡ್ರೈವರ್ ಮುಂದಿನ ದೇವರ ಪಟದ ಕೆಂಪು ದೀಪಕ್ಕೇ ನೆಗೆಯಿತು.

"ಕಣ್ಣು ಅದೆ ಬಿಡಿ," ಎಂದಳು ಹಮೀದಾ, ಸ್ವಲ್ಪ ಬೇಜಾರಿನಿಂದಲೇ.

ಪಶುವೈದ್ಯೆ ಯಶಸ್ವಿನಿ ಪರೀಕ್ಷಿಸಿದರು. "ನೇರ ಕಣ್ಣಿಗೇ ಬಿಟ್ಟಿದ್ರೆ ಅಪಾಯ ಆಗ್ತಿತ್ತು, ಪುಣ್ಯಕ್ಕೆ ಏನೂ ಆಗಿಲ್ಲ. ಅಷ್ಟೊತ್ತು ಬೇಟೆ ಆಡಿದ್ರೂ ಏನೂ ಸಿಗ್ಲಿಲ್ವಲ್ಲ, ಅದೇ ಕೊರಗು. ಒಂದ್ಸಲ ಏನಾದ್ರೂ ಕೈಗೆ ಸಿಗ್ಲಿ, ಸರಿಹೋಗತ್ತೆ. ಅಂದಹಾಗೆ, ತಾವೇನ್ ಕೆಲ್ಸ ಮಾಡ್ತೀರಿ?"

"ಫ್ಯಾಕ್ಟ್ರೀಲಿ," ಎಂದಷ್ಟೇ ಹೇಳಿ ದಯಾನಂದ ಹೊರಬಿದ್ದ.

ಮನೆಯಲ್ಲಿ ದಾರದುಂಡೆ ಎಸೆದ, ಕಾಗದದ ಇಲಿ ಎಳೆದಾಡಿದ. ಬಂಗಾರಿ ತಿರುಗಿಯೂ ನೋಡಲಿಲ್ಲ. "ಕೆಂಪು ಕಾಣ್ದಂಗೆ ಮಾಡಿ, ತಾನಾಗೇ ಮರೀತದೆ," ಎಂದಳು ಹಮೀದಾ. ಟಿವಿಯ ದೀಪಕ್ಕೆ ಟೇಪು ಬಿತ್ತು, ಟೊಮೇಟೊ ಬೀರು ಸೇರಿತು. ಐದು ಗಂಟೆಗೆ ಬಂಗಾರಿ ಕಾಲು ಚಾಚಿ ಮಲಗಿತು. ಉಸ್ಸಪ್ಪಾ ಎಂದು ದಯಾನಂದ ಗೋಡೆಗೊರಗಿದ.

ಗೇಟು ಸದ್ದಾಯಿತು. ಬೆಳಗ್ಗೆ ಸಾಸಿವೆಯಷ್ಟು ಸ್ಟಿಕರ್ ಇಟ್ಟುಕೊಂಡು ಹೋಗಿದ್ದ ಲಕ್ಷ್ಮೀದೇವಮ್ಮನ ಹಣೆಗೆ, ಸೀಮಂತಕ್ಕೆ ಬಂದಿದ್ದ ಮುತ್ತೈದೆಯರೆಲ್ಲ ಒಬ್ಬರ ಮೇಲೊಬ್ಬರು ಕುಂಕುಮ ಹಚ್ಚಿ ಕಳಿಸಿದ್ದರು. ಈಗ ಅದು ರೂಪಾಯಿಯಗಲ ಆಗಿತ್ತು.

"ಬಾರೇ ನನ್ ಬಂಗಾರಿ!" ಎಂದು ಅವರು ಬಗ್ಗಿದರು.

ಬಂಗಾರಿಯ ಬಾಲ ಅಲ್ಲಾಡಿತು.

"ಅಮ್ಮಾ, ಹಣೆ ಮುಚ್ಕಳಿ!" ಎಂದು ದಯಾನಂದ ಕಿರುಚಿದ. ಅಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು.

ಡಾಕ್ಟರ್ ಮಾತು ಸುಳ್ಳಾಗಲಿಲ್ಲ. ಬಂಗಾರಿ ಕೆಂಪಾದ ಪಂಜ ನೆಕ್ಕಿಕೊಂಡು, ಎರಡು ಬಟ್ಟಲು ಹಾಲು ಕುಡಿದು, ದಯಾನಂದನ ತೊಡೆಯ ಮೇಲೆ ನಿದ್ದೆಹೋಯಿತು.

ಹಣೆಯ ಗೀರಿಗೆ ಅರಿಶಿನ ಒತ್ತಿಕೊಂಡೇ ಲಕ್ಷ್ಮೀದೇವಮ್ಮ ಕೇಳಿದರು: "ಬಂಗಾರಿ ನನ್ ಹಣೆಗೇ ಹಾರ್ತಾಳೆ ಅಂತ ಮುಂಚೇನೇ ನಿಂಗೆ ಹೆಂಗಪ್ಪ ಗೊತ್ತಾಯ್ತು?"

ಇನ್ನೂರು ಜನರಿಗೆ ದಿನಾ ಬುದ್ಧಿ ಹೇಳುವವನು ತಲೆ ತಗ್ಗಿಸಿ ಬಂಗಾರಿಯ ಬೆನ್ನು ಸವರತೊಡಗಿದ. ಹಮೀದಾ ಸುಮ್ಮನಿರಬೇಕಲ್ಲ, ಲೇಸರಿನಿಂದ ಟೊಮೇಟೊವರೆಗೆ ಒಂದೂ ಬಿಡದೆ ಒಪ್ಪಿಸಿದಳು.

"ತಿಂಗಳು ಟೈಮ್ ಕೊಡ್ತೀನಿ. ಬೇರೆ ಮನೆ ನೋಡ್ಕೊ," ಎಂದರು ಲಕ್ಷ್ಮೀದೇವಮ್ಮ.

ಆಗಲೇ ಫೋನ್ ಬಂತು. ಮಾನಸಾ. "ರೀ, ತೊಟ್ಟಿಲು ಯಾವ ರೂಮಲ್ಲಿ ಹಾಕಾಣ?"

ಹೊರಗೆ ಹೋಗಿ ಮಾತಾಡೋಣವೆಂದರೆ ತೊಡೆಯ ಮೇಲೆ ಬಂಗಾರಿ ಗೊರಕೆ ಹೊಡೆಯುತ್ತಿತ್ತು. ಓನರಮ್ಮ ನೋಡುತ್ತಲೇ ಇದ್ದರು, ಅದನ್ನು ಎಬ್ಬಿಸುವ ಧೈರ್ಯ ಅವನಿಗೆ ಬರಲಿಲ್ಲ.