ಶೇಂಗಾ ಹಿಂಡಿ ತಿನ್ನುವ ಕಳ್ಳ

ಎಲ್ಲಕ್ಕೂ ಕಾರಣ ಒಂದು ಬಿಸಿ ಜೋಳದ ರೊಟ್ಟಿ.

ಮನ್ನಾಏಖೇಳ್ಳಿ ಬಿಟ್ಟು ಬಸವಕಲ್ಯಾಣದ ಬಟ್ಟೆ ಅಂಗಡಿಗೆ ಕೆಲಸಕ್ಕೆ ಬಂದ ವೈಜನಾಥ, ಬಹಳ ದಿನ ಬೀಗ ಬಿದ್ದಿದ್ದ ಒಂದು ಕೋಣೆ ಹಿಡಿದಿದ್ದ. ಅದರ ಕಿಟಕಿಯ ಹೊರಗೆ ಎದೆಮಟ್ಟದ ಕಲ್ಲಿನ ಕಟ್ಟೆ. ಬಂದ ಮರುದಿನ ಸ್ನಾನ ಮುಗಿಸಿ ಕಿಟಕಿ ತೆರೆದರೆ ಕಟ್ಟೆಯ ಮೇಲೆ ರೊಟ್ಟಿ. ಅದರ ಮರುದಿನವೂ ರೊಟ್ಟಿ. ಆಮೇಲೆ ಒಂದು ದಿನವೂ ತಪ್ಪಲಿಲ್ಲ.

ನಲವತ್ತು ದಾಟಿದರೂ ಅವನಿಗೆ ಮದುವೆಯಾಗಿರಲಿಲ್ಲ, ತಾಯಿ ತೀರಿಹೋಗಿ ಬಹಳ ಕಾಲವಾಗಿತ್ತು. ಅಂಗಡಿಯಲ್ಲಿ ದಿನವಿಡೀ "ಎಷ್ಟು ಮೀಟರ್ ಬೇಕ್ರಿ?" ಅನ್ನುವುದು ಬಿಟ್ಟರೆ ಅವನ ಬಾಯಿಗೆ ಬೇರೆ ಕೆಲಸವಿರಲಿಲ್ಲ. ಅಂಥವನಿಗೆ ಯಾರೋ ದಿನಾ ರೊಟ್ಟಿ ಇಟ್ಟು ಸದ್ದಿಲ್ಲದೆ ಹೋಗುತ್ತಾರೆಂದರೆ ಹೇಗಾಗಬೇಡ? ಈ ಊರಲ್ಲಿ ಒಂದು ಜೀವ ತನ್ನ ಹಸಿವನ್ನು ನೆನೆಯುತ್ತಿದೆ ಎಂದು ಅವನಿಗೆ ಮೊದಲ ದಿನ ಕಣ್ಣೀರೇ ಬಂದಿತ್ತು. ಕಿಟಕಿಗೆ ಆನಿಕೊಂಡು, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ಹಚ್ಚಿಕೊಂಡು ತಿನ್ನುತ್ತಿದ್ದ. ತಿಂದಾದ ಮೇಲೆ "ರೊಟ್ಟಿ ಭಾಳ ರುಚಿ ಇತ್ರಿ" ಎಂದು ಖಾಲಿ ಓಣಿಗೆ ಹೇಳುತ್ತಿದ್ದ. ಅಂಗಿಗೆ ಇಸ್ತ್ರಿ ಹಾಕುವುದನ್ನೂ ಶುರು ಮಾಡಿದ್ದ, ಪಾಪ.

ಒಂದು ದಿನ ಅಂಗಡಿ ಮಾಲೀಕರು ಮಾಲು ತರಲು ಹುಮನಾಬಾದಿಗೆ ಕಳಿಸಿದಾಗ ಅಲ್ಲಿ ಒಂದು ಡಬ್ಬಿ ಪೇಡೆ ಕೊಂಡ. ಇವತ್ತು ಓಣಿಯಲ್ಲಿ ಕೇಳಿಯೇ ಬಿಡುವುದು, ರೊಟ್ಟಿ ಇಡುವ ಆ ಕೈಗೇ ಇದನ್ನು ಕೊಡುವುದು. ಏನು ಹೇಳಿ ಕೊಡಬೇಕೆಂದು ಮರಳುವ ಬಸ್ಸು ರಾಜೇಶ್ವರ ಊರು ದಾಟುವವರೆಗೂ ತುಟಿ ಅಲ್ಲಾಡಿಸುತ್ತಾ ಕೂತಿದ್ದ. ಪಕ್ಕದಲ್ಲಿದ್ದವನು ಮೆಲ್ಲಗೆ ಎದ್ದು ಬೇರೆ ಸೀಟಿಗೆ ಹೋದ.

ಓಣಿಗೆ ಬಂದರೆ ಅವನ ಕಿಟಕಿಯ ಮುಂದೆಯೇ ಜನ. ನಡುವೆ ಓಣಿಯ ಆಕಳು ಚಂದ್ರಿ. ಕಟ್ಟೆಗೆ ಮೂಗು ಹಚ್ಚಿ ನಿಂತಿದ್ದವರು ಸೈಫುದ್ದೀನ್ ಚಾಚಾ, ನಿವೃತ್ತ ಬಸ್ ಕಂಡಕ್ಟರ್. ಟಿಕೆಟ್ ಇಲ್ಲದವರನ್ನು ಮುಖ ನೋಡಿಯೇ ಹಿಡಿಯುತ್ತಿದ್ದೆ ಎಂಬ ಹೆಮ್ಮೆ ಅವರಿಗೆ ಇನ್ನೂ ಇಳಿದಿರಲಿಲ್ಲ.

"ಏನಾತ್ರಿ?" ಎಂದ ವೈಜನಾಥ.

"ಏನ್ ಹೇಳ್ಲಿ ತಮ್ಮಾ," ಎಂದರು ಎದುರು ಮನೆಯ ರುಕ್ಮಿಣಿಬಾಯಿ. "ಹಂಚಿನ ಮೊದಲ ರೊಟ್ಟಿ ಆಕಳದ್ದು. ನಾಯಿ ಬಾಯಿಗಿ ಸಿಗಬಾರ್ದಂತ ನಮ್ಮತ್ತಿ ಕಾಲದಿಂದ ಈ ಕಟ್ಟಿ ಮ್ಯಾಲೇ ಇಡ್ತೀವಿ. ಈಗ ಚಂದ್ರಿ ಬರೂದ್ರಾಗ ರೊಟ್ಟಿ ಮಾಯ. ಯಾವ್ದೋ ಪ್ರಾಣಿ ಕದ್ದು ತಿನ್ನಾಕತ್ತದ. ನಮ್ಮ ಆಕಳು ಹ್ಯಾಂಗ ಸೊರಗ್ಯದ ನೋಡ್ರಿ."

ಚಂದ್ರಿ ಅಷ್ಟೇನೂ ಸೊರಗಿರಲಿಲ್ಲ. ಸೊರಗಿದ್ದು ವೈಜನಾಥನ ಮುಖ. ಅವನ ಊರಲ್ಲಿ ಆಕಳ ರೊಟ್ಟಿಯನ್ನು ಆಕಳ ಬಾಯಿಗೇ ಕೊಡುತ್ತಿದ್ದರು. ಕಟ್ಟೆಯ ಮೇಲಿಡುವ ಪದ್ಧತಿ ಅವನಿಗೆ ಗೊತ್ತೇ ಇರಲಿಲ್ಲ.

"ಮಂಗ್ಯಾನೇ ಇರ್ಬೇಕು," ಎಂದರು ಚಾಚಾನ ಹೆಂಡತಿ ತಾಹೇರಾ.

ಚಾಚಾ ಕಟ್ಟೆಯನ್ನು ಬೆರಳಿಂದ ಒರೆಸಿ ನಾಲಿಗೆಗೆ ಹಚ್ಚಿಕೊಂಡರು. "ಶೇಂಗಾ ಹಿಂಡಿ," ಎಂದರು. "ಬಳ್ಳೊಳ್ಳಿ ಜರಾ ಜಾಸ್ತಿ ಆಗ್ಯದ."

"ಮಂಗ್ಯಾ ಹಿಂಡಿ ಹಚ್ಚಿಕೊಂಡು ತಿಂತದೇನ್ರಿ?"

"ಯಾರೋ ಶೌಕಿನಿಂದ ಸಾಕಿದ ಮಂಗ್ಯಾ ಇರ್ಬೇಕು." ಚಾಚಾ ಹೆಂಡತಿಗೆ ಹೀಗೆ ಸಮಜಾಯಿಷಿ ಕೊಟ್ಟು ವೈಜನಾಥನ ಕಡೆ ತಿರುಗಿದರು. "ನಿಮ್ಮ ಕಿಟಕಿ ಮುಂದೇ ನಡದದ. ಏನರ ನೋಡೀರೇನು?"

ನಿಜ ಹೇಳಿದರೆ ಆಕಳ ತುತ್ತು ಕಸಿದವನು ಎಂದು ಇಡೀ ಓಣಿ ಬೆರಳು ಮಾಡುತ್ತದೆ. "ಇಲ್ರಿ," ಎಂದ.

"ಕೈಯಾಗೇನದು?"

"ಪೇಡೆ ರಿ."

"ಯಾರಿಗಿ?"

ವೈಜನಾಥ ಸುತ್ತ ನೋಡಿದ. ಕೊಡಲು ಯಾರೂ ಇರಲಿಲ್ಲ. "ಆಕಳಿಗಿ," ಎಂದ.

ಓಣಿಯವರು ತಲೆದೂಗಿದರು. ಎಂಥಾ ಮನುಷ್ಯ ನೋಡ್ರಿ, ತಾನು ಒಣರೊಟ್ಟಿ ತಿಂದು ಆಕಳಿಗೆ ಪೇಡೆ ತರ್ತಾನ ಅಂದರು. ಚಂದ್ರಿ ಪೇಡೆ ಮುಗಿಸಿ ಡಬ್ಬಿಯ ರಟ್ಟನ್ನೂ ಅರ್ಧ ಅಗಿಯಿತು. ಆಗ ರುಕ್ಮಿಣಿಬಾಯಿ ತೀರ್ಪು ಕೊಟ್ಟರು: "ತಮ್ಮಾ, ನಿಮಗರ ಹಿಂದ ಮುಂದ ಯಾರೂ ಇಲ್ಲ. ನಾಳಿಯಿಂದ ರೊಟ್ಟಿ ನಿಮ್ಮ ಕೈಯಾಗೇ ಕೊಡ್ತೀನಿ. ಚಂದ್ರಿ ಬರೂತನ ಕಾದು ನೀವೇ ತಿನ್ನಸ್ರಿ. ಪುಣ್ಯ ಬರ್ತದ."

"ಕಳ್ಳ ಸಿಗೂತನ ಪಹರೆ ಇವರದೇ," ಎಂದು ಚಾಚಾ ತನಿಖೆ ಮುಗಿಸಿದರು.

ಎಲ್ಲರೂ ಒಳಗೆ ಹೋದರು. ಬಾಗಿಲುಗಳು ಒಂದೊಂದಾಗಿ ಹಾಕಿಕೊಂಡವು. ಚಂದ್ರಿ ಮಾತ್ರ ಉಳಿದು ಅವನ ಅಂಗೈ ನೆಕ್ಕತೊಡಗಿತು. ಯಾರಾದರೂ ಅವನ ಕೈ ಮುಟ್ಟಿ ಎಷ್ಟು ದಿನವಾಗಿತ್ತೋ, ವೈಜನಾಥ ಅಲ್ಲಾಡದೆ ನಿಂತ. "ನೀನರ ಇದ್ದೀಯಲ್ಲ," ಎಂದ ಮೆಲ್ಲಗೆ.

ಅಂಗೈಯ ಸಿಹಿ ಮುಗಿದ ಕೂಡಲೇ ಚಂದ್ರಿ ಬಾಲ ಬೀಸಿ ಮುಂದಿನ ಮನೆಗೆ ನಡೆಯಿತು.